ಹೂಂ ಅನ್ನುವ ಹಾಗಿಲ್ಲ

ನಮ್ಮ ಮನೆಯಲ್ಲಿ ಹೂಂ ಅನ್ನುವ ಹಾಗಿಲ್ಲ. ಅಪ್ಪ "ಗ್ಯಾಸ್ ಆರಿಸಿದ್ಯಾ?" ಅಂತ ಕೇಳಿದರೆ "ಗ್ಯಾಸ್ ಆರಿಸಿದೆ" ಅನ್ನಬೇಕು. "ಚಿಲಕ ಹಾಕಿದ್ಯಾ?" ಅಂದರೆ "ಚಿಲಕ ಹಾಕಿದೆ." ಬರೀ ಹೂಂ ಅಂದರೆ ಕಿವಿಗೇ ಬೀಳಲಿಲ್ಲ ಅನ್ನುವ ಹಾಗೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳುತ್ತಾನೆ, ಪೂರ್ತಿ ಉತ್ತರ ಬರುವ ತನಕ. ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಹೀಗೇ ಅಂದುಕೊಂಡಿದ್ದೆ. ಒಮ್ಮೆ ಗೆಳತಿಯ ಮನೆಯಲ್ಲಿ ಅವಳಮ್ಮ "ಇನ್ನೊಂದು ಚೂರು ಬ್ರೆಡ್ ಹಾಕಲಾ?" ಅಂದಾಗ "ಇನ್ನೊಂದು ಚೂರು ಬ್ರೆಡ್ ಹಾಕಿ" ಅಂತ ಸಿಪಾಯಿಯ ಹಾಗೆ ಹೇಳಿದೆ. ಅವರೆಲ್ಲ ನಕ್ಕಮೇಲೆ ಗೊತ್ತಾಯಿತು, ಇದು ನಮ್ಮ ಮನೆಯೊಂದರ ರೋಗ ಅಂತ.

ಯಾಕೆ ಅಂತ ಕೇಳಿದರೆ ಅಪ್ಪ "ಅಭ್ಯಾಸ" ಅಂದು ಮಾತು ಮುಗಿಸುತ್ತಿದ್ದ. ಅಜ್ಜಿ ಮಾತ್ರ, "ಕಥೆ ಹೇಳೋಣ ಅಂದ್ರೂ ಹೂಂಗುಟ್ಟೋರಿಲ್ಲದ ಮನೆ ಇದು" ಅಂತ ಗೊಣಗುತ್ತಿದ್ದಳು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆಂಟು ವರ್ಷದಿಂದ ಕಟ್ಟಡಗಳ ಹೊಟ್ಟೆಯೊಳಗೆ, ಲಿಫ್ಟು ಓಡಾಡುವ ಆ ಕತ್ತಲೆಯ ಬಾವಿಯಲ್ಲಿ ಹತ್ತಿ ಇಳಿದು ಕೆಲಸ ಮಾಡುತ್ತಿದ್ದಾನೆ. ಅಮ್ಮ ಮನೆಯಲ್ಲೇ ಸಮವಸ್ತ್ರ ಹೊಲಿಯುತ್ತಾಳೆ. ಅಪ್ಪನ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳುವ ತನಕ ಸಂಜೆ ಅವಳ ಯಂತ್ರ ನಿಲ್ಲುವುದಿಲ್ಲ. ಸದ್ದು ಕೇಳಿದ ತಕ್ಷಣ, ಅಂಗಿಯ ತೋಳು ಅರ್ಧಕ್ಕೇ ಇದ್ದರೂ, ನಿಲ್ಲುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಲ್ಲ. ಎಲ್ಲರಿಗೂ ಗೊತ್ತಿದೆ.

ಕಾಗದ ಬಂದದ್ದು ಒಂದು ಮಂಗಳವಾರ. ಅಪ್ಪ ಅದನ್ನು ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿಸಿ ಊಟಕ್ಕೆ ಕೂತ.

"ಏನದು?" ಅಮ್ಮ ಬೇಯಿಸಿದ ಆಲೂಗಡ್ಡೆ ಬಡಿಸುತ್ತ ಕೇಳಿದಳು.

"ಕಂಪನಿ ಕೈ ಬದಲಾಯ್ತಲ್ಲ, ಹೊಸ ಯಜಮಾನರ ಕಾಗದ. ಇಂಗ್ಲಿಷ್ ಪರೀಕ್ಷೆ ಅಂತೆ."

"ಯಾರಿಗೆ?"

"ನಂಗೇ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಏಳನೇ ಕ್ಲಾಸಲ್ಲಿ ಪರೀಕ್ಷೆ ದಿನ ಮಾವಿನ ಮರ ಹತ್ತಿ ಕೂತೋನು ನೀನು. ಈಗ ಎಲ್ಲಿ ಹತ್ತೀಯೋ?"

"ಈಗ ಹತ್ತೋಕೆ ಬಿಡಲ್ಲ ಅಂತಲೇ ಕಾಗದ ಬಂದಿರೋದು, ಅಮ್ಮಾ" ಅಂದ ಅಪ್ಪ.

ವಿಷಯ ಹೀಗಿತ್ತು. ಹೊಸ ಯಂತ್ರಗಳು ಬರುತ್ತವೆ. ಏನಾದರೂ ಕೆಟ್ಟರೆ ದೂರದ ಎಂಜಿನಿಯರ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾನೆ, ಇಲ್ಲಿಯವರು ಮಾಡಬೇಕು. ಆದ್ದರಿಂದ ಬಾವಿಗೆ ಇಳಿಯುವವರೆಲ್ಲ ಏಳು ವಾರದಲ್ಲಿ ಒಂದು ಪರೀಕ್ಷೆ ಪಾಸು ಮಾಡಬೇಕು. ಬರವಣಿಗೆ ಒಂದು, ಎದುರು ಕೂತು ಮಾತಾಡುವುದು ಒಂದು. ಹೊಸದಾಗಿ ಕಲಿಯುವವರ ಪರೀಕ್ಷೆಯಲ್ಲ, ಅದಕ್ಕಿಂತ ಎರಡು ಮೆಟ್ಟಿಲು ಮೇಲಿನದು. ಒಂದೇ ಅವಕಾಶ. ಪಾಸಾಗದವರಿಗೆ ಗೋಡೌನಿನಲ್ಲಿ ಬಿಡಿಭಾಗ ಎತ್ತಿಡುವ ಕೆಲಸ.

"ಸಂಬಳ?" ಅಮ್ಮ ಕೇಳಿದಳು.

"ಅದೇ ಸಂಬಳ."

ಅಮ್ಮ ಸೌಟು ಕೆಳಗಿಟ್ಟಳು. ಅವಳ ಮುಖ ಇದ್ದಕ್ಕಿದ್ದಂತೆ ತಿಳಿಯಾಯಿತು. "ಮತ್ತಿನ್ನೇನು? ನೆಲದ ಮೇಲೆ ಕೆಲಸ, ತಲೆ ಮೇಲೆ ಫ್ಯಾನು. ಒಳ್ಳೇದೇ ಆಯ್ತು ಬಿಡಿ."

"ಇಪ್ಪತ್ತೆಂಟು ವರ್ಷ ಆದ್ಮೇಲೆ ಡಬ್ಬ ಎಣಿಸ್ಕೊಂಡು ಕೂರ್ಲಾ?"

"ಎಣಿಸಿ. ಡಬ್ಬ ಯಾರ ಮೇಲೂ ಬೀಳಲ್ಲ."

ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ನನ್ನ ಕಡೆ ತಿರುಗಿದ. "ಪುಟ್ಟೀ, ಇಂಗ್ಲಿಷ್ ಓದಿ ಡಿಗ್ರಿ ತಗೊಂಡಿದ್ದೀಯಲ್ಲ. ಹೇಳ್ಕೊಡ್ತೀಯಾ?"

"ಹೇಳ್ಕೊಡ್ತೀನಿ" ಅಂದೆ.

ಅಮ್ಮ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಯಂತ್ರದ ಪುಸ್ತಕಗಳನ್ನು ಓದಿ ಓದಿ ನನಗೆ ಗೊತ್ತಿಲ್ಲದ ಎಷ್ಟೋ ಶಬ್ದ ಅವನಿಗೆ ಗೊತ್ತು. ಮಾದರಿ ಪ್ರಶ್ನೆಪತ್ರಿಕೆಯನ್ನು ಬಿಡಿಸಲು ಕೊಟ್ಟೆ. ಓದಿ ಅರ್ಥಮಾಡಿಕೊಳ್ಳುವುದು ಚೆನ್ನಾಗಿ ಮಾಡಿದ. ಕಾಲ, ವಚನ ಪರವಾಗಿಲ್ಲ. ಒಂದು ಭಾಗದಲ್ಲಿ ಮಾತ್ರ ಇಪ್ಪತ್ತಕ್ಕೆ ಮೂರು. ಕ್ರಿಯಾಪದದ ಬಾಲಕ್ಕೆ ಅಪ್, ಆಫ್, ಔಟ್, ಡೌನ್ ಅಂತ ಒಂದು ತುಂಡು ಅಂಟಿಕೊಂಡು ಅರ್ಥವೇ ಬೇರೆಯಾಗುತ್ತದಲ್ಲ, ಆ ಭಾಗ.

"ಇದೇನು ಮೋಸ" ಅಂದ ಅಪ್ಪ. "ಪುಟ್ ಗೊತ್ತು, ಆಫ್ ಗೊತ್ತು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದ್ರೆ ಇಬ್ಬರೂ ಗುರುತಿಲ್ಲದೋರ ಹಾಗೆ ಮುಖ ತಿರುಗಿಸ್ತಾರೆ."

"ಪುಟ್ ಆಫ್ ಅಂದ್ರೆ ಮುಂದಕ್ಕೆ ಹಾಕೋದು ಅಪ್ಪಾ."

"ಯಾಕೆ?"

"ಯಾಕೆ ಅಂದ್ರೆ?"

"ಆಫ್‌ನಲ್ಲಿ ಮುಂದಕ್ಕೆ ಅನ್ನೋದು ಎಲ್ಲಿದೆ? ಯೂಸ್ ಅಪ್ ಅಂದ್ರೆ ಖಾಲಿ ಮಾಡೋದು ಅಂತೀಯ. ಡಬ್ಬ ಖಾಲಿ ಆಗ್ಬೇಕಾದ್ರೆ ಒಳಗಿರೋದು ಕೆಳಕ್ಕೆ ತಾನೇ ಇಳಿಯೋದು? ಅಪ್ ಯಾಕೆ?"

ನಾನು ಮೂರು ವರ್ಷ ಇಂಗ್ಲಿಷ್ ಓದಿದವಳು. ಒಮ್ಮೆಯೂ ಈ ಯಾಕೆ ನನಗೆ ಬಂದಿರಲಿಲ್ಲ. "ಅದು ಹಾಗೇ ಅಪ್ಪಾ, ಬಾಯಿಪಾಠ ಮಾಡ್ಬೇಕು" ಅಂದೆ.

"ಯಾಕೆ ಇದೆ ಅಂತ ಗೊತ್ತಾಗ್ದೆ ನಾನು ಒಂದು ಸ್ಕ್ರೂ ಬಿಚ್ಚಿದವನಲ್ಲ" ಅಂತ ಎದ್ದು ಹೋದ.

ಮೊದಲ ಎರಡು ವಾರ ಹೀಗೇ ಕಳೆಯಿತು. ನಾನು ಪಟ್ಟಿ ಬರೆದೆ, ಅಪ್ಪ ಜಗಳವಾಡಿದ. ಚೀಟಿಗಳನ್ನು ಬರೆದು ಮನೆಯಿಡೀ ಅಂಟಿಸಿದೆ. ಫ್ರಿಜ್ಜಿನ ಮೇಲೆ ರನ್ ಔಟ್ ಆಫ್, ಕನ್ನಡಿಯ ಮೇಲೆ ಲುಕ್ ಡೌನ್ ಆನ್. ಅಪ್ಪ ಓದಲು ಕೂತರೆ ಅವನ ಪಾಲಿನ ಮನೆಗೆಲಸ ನಿಂತುಹೋಗುತ್ತಿತ್ತು. ರಾತ್ರಿಯ ಪಾತ್ರೆ ತೊಳೆಯುವುದು, ಇಸ್ತ್ರಿ ಹಾಕುವುದು, ಕಸ ಹಾಕಿಬರುವುದು ಅವನದು.

"ಪರೀಕ್ಷೆ ನಿಮ್ದು, ಪಾತ್ರೆ ಮಾತ್ರ ನಂದಾ?" ಅಮ್ಮ ಸಿಂಕಿನಿಂದ ಕೂಗಿದಳು.

"ಏಳು ವಾರ ತಡ್ಕೊಳೇ."

"ಇಪ್ಪತ್ತೈದು ವರ್ಷ ತಡ್ಕೊಂಡಿದ್ದೀನಿ. ಇನ್ನೂ ಮೇಲೆ ಹತ್ತೋಕೆ ಓದ್ತಾರಂತೆ, ನಾನು ಅದಕ್ಕೆ ಪಾತ್ರೆ ತಿಕ್ಕಬೇಕಂತೆ!"

ಅಜ್ಜಿ ಕಾಳು ಆರಿಸುತ್ತ ಕೂತಿದ್ದವಳು ನನ್ನನ್ನು ಕರೆದಳು. "ಅವನಿಗೆ ಏನು ತಿಳೀತಿಲ್ಲವಂತೆ ಕಣೇ?"

ಆದಷ್ಟು ಬಿಡಿಸಿ ಹೇಳಿದೆ. ಎರಡು ಪದ ಇರುತ್ತೆ ಅಜ್ಜೀ, ಎರಡರ ಅರ್ಥವೂ ಗೊತ್ತಿರುತ್ತೆ, ಸೇರಿದಾಗ ಮೂರನೇದೇನೋ ಆಗುತ್ತೆ.

ಅಜ್ಜಿ ಸ್ವಲ್ಪ ಹೊತ್ತು ಕಾಳಿನಲ್ಲಿ ಬೆರಳಾಡಿಸಿದಳು. ಆಮೇಲೆ ದನಿಯೆತ್ತಿ, "ಲೋ, ಇಲ್ಲಿ ಬಾರೋ. ನಿಮ್ಮ ಚಿಕ್ಕಪ್ಪ ಪಾಲುದಾರಿಕೆಯಲ್ಲಿ ನಿಮ್ಮಪ್ಪನಿಗೆ ಏನು ಕೊಟ್ಟ?"

"ಕೈಕೊಟ್ಟ" ಅಂದ ಅಪ್ಪ, ಬಾಗಿಲಲ್ಲಿ ನಿಂತು.

"ಕೈ ಅಂದ್ರೆ ಗೊತ್ತು, ಕೊಡೋದು ಅಂದ್ರೆ ಗೊತ್ತು. ಕೈ ಕೊಟ್ರೆ ಒಳ್ಳೇದಲ್ವೇನೋ, ಹಿಡ್ಕೊಂಡು ಏಳ್ಬಹುದು. ಹಾಗಾದ್ರೆ ಮೋಸ ಅಂತ ಯಾಕಾಯ್ತು?"

ಅಪ್ಪ ಬಂದು ಅಜ್ಜಿಯ ಎದುರು ಕೂತ.

"ತಲೆ ತಿಂತಾಳೆ ಅಂತ ನಿನ್ನ ಹೆಂಡ್ತೀನ ಬೈತೀಯಲ್ಲ, ಎಷ್ಟು ತಿಂದಿದ್ದಾಳೆ, ತೋರ್ಸು. ಹೊಟ್ಟೆಗೆ ಹಾಕ್ಕೋ ಅಂತ ನಾನು ಅವಳಿಗೆ ಹೇಳ್ತೀನಲ್ಲ, ಯಾವತ್ತಾದ್ರೂ ತಟ್ಟೆಗೆ ಬಡಿಸ್ಕೊಂಡಳಾ? ನಮ್ಮ ಮಾತಲ್ಲಿ ಹುಟ್ಟಿದಾಗಿಂದ ಇದೇ ಮಾಡ್ಕೊಂಡು ಬಂದಿದ್ದೀಯ. ಅವರು ಮಾಡಿದ್ರೆ ಮೋಸವಾ?"

ಒಳಗಿನಿಂದ ಅಮ್ಮ ನಕ್ಕದ್ದು ಕೇಳಿಸಿತು. ಅವಳು ನಗುವುದಿಲ್ಲ ಅಂತ ನಿರ್ಧಾರ ಮಾಡಿದ್ದ ವಾರ ಅದು.

ಅಂದಿನಿಂದ ಅಪ್ಪನ ಜಗಳ ನಿಂತು ಹುಡುಕಾಟ ಶುರುವಾಯಿತು. ಊಟದ ನಡುವೆ ತಟ್ಟನೆ, "ಕಣ್ಣು ಹಾಕೋದು! ಕಾಲು ಕೀಳೋದು!" ಅಂತ ಕೂಗುತ್ತಿದ್ದ. ಎದ್ದು ಹೋಗುವುದು, ಬಿದ್ದು ಹೋಗುವುದು ಸರಿ, ಹಾಲು ಒಡೆದು 'ಹೋಗುವುದು' ಎಲ್ಲಿಗೆ? ಮರೆತು 'ಬಿಡುವವನು' ಏನನ್ನು ಬಿಡುತ್ತಾನೆ? ನಾನು ಡೈರಿಯ ಹಿಂದಿನ ಪುಟಗಳಲ್ಲಿ ಎರಡು ಸಾಲು ಮಾಡಿ ಒಂದರಲ್ಲಿ ಅವರದು, ಒಂದರಲ್ಲಿ ನಮ್ಮದು ಬರೆದಿಟ್ಟುಕೊಂಡೆ. ನಮ್ಮದೇ ಉದ್ದವಾಗಿತ್ತು.

ಮೂರನೇ ವಾರದ ಭಾನುವಾರ ಅಪ್ಪ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದ. "ಪುಸ್ತಕದಲ್ಲಿ ಕೂತು ನಂಗೆ ತಲೆಗೆ ಹತ್ತಲ್ಲ. ನಾನು ಹೇಗೆ ಕಲೀತೀನಿ ಅಂತ ನೋಡು ಬಾ."

ಅದೊಂದು ಹಳೆಯ ಆರಂತಸ್ತಿನ ಕಟ್ಟಡ. ತಾರಸಿಯ ಮೇಲಿನ ಚಿಕ್ಕ ಕೋಣೆಯಲ್ಲಿ ಮೋಟಾರು, ದೊಡ್ಡ ಗಾಲಿ, ಅದರ ಮೇಲೆ ಹಾಯ್ದು ನೆಲದ ಕಿಂಡಿಯೊಳಗೆ ಇಳಿದುಹೋಗುವ ಉಕ್ಕಿನ ಹಗ್ಗಗಳು. ಅಲ್ಲಿ ಮೀಸೆ ಮಾಮ ಇದ್ದರು. ಅಪ್ಪನ ಜೋಡಿ, ಇಪ್ಪತ್ತೇಳು ವರ್ಷದಿಂದ. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಹೆಸರು ಬೋಳಾಗಿಲ್ಲ. ಇಬ್ಬರೂ ಮುಖ್ಯ ಸ್ವಿಚ್ಚು ಇಳಿಸಿ ಅದಕ್ಕೆ ತಮ್ಮತಮ್ಮ ಬೀಗ ಹಾಕಿ, ಕೀಲಿ ತಮ್ಮತಮ್ಮ ಜೇಬಿಗೆ ಇಳಿಸಿದರು. ಒಬ್ಬನ ಕೀಲಿಯಿಂದ ಇನ್ನೊಬ್ಬನ ಬೀಗ ತೆರೆಯುವ ಹಾಗಿಲ್ಲ. ಅಪ್ಪ ಹೋಗಿ ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ನಿಂತ. ಪೆಟ್ಟಿಗೆ ಸರಿಯುವಾಗ ಅವನ ಕೈ ಅದರ ಅಂಚಿನಿಂದ ಹೊರಗೆ ಇರಬಾರದು. ಮೀಸೆ ಮಾಮ ಬ್ರೇಕು ಸಡಿಲಿಸಿ ಗಾಲಿಯನ್ನು ಕೈಯಿಂದಲೇ ತಿರುಗಿಸಿ ಪೆಟ್ಟಿಗೆಯನ್ನು ಅಂಗುಲ ಅಂಗುಲವಾಗಿ ಸರಿಸಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಿಂಡಿಯಿಂದ ದನಿ ಮಾತ್ರ.

"ಕೆಳಗೆ ಅರ್ಧ ಅಡಿ!" ಬಾವಿಯೊಳಗಿಂದ ಅಪ್ಪನ ದನಿ.

"ಕೆಳಗೆ ಅರ್ಧ ಅಡಿ!" ಮೀಸೆ ಮಾಮ ಕೂಗಿದರು. ಆದರೂ ಗಾಲಿ ಮುಟ್ಟಲಿಲ್ಲ. "ಕೈ ಒಳಗಿದ್ಯಾ?"

"ಕೈ ಒಳಗಿದೆ!"

ಆಗ ಗಾಲಿ ತಿರುಗಿತು. ಬೆಳಗಿನಿಂದ ಮಧ್ಯಾಹ್ನದ ತನಕ ಇದೇ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಪೂರ್ತಿ ತಿರುಗಿ ಹೇಳುವ ತನಕ ಒಂದು ಅಂಗುಲವೂ ಯಾವುದೂ ಕದಲುವುದಿಲ್ಲ. ನಮ್ಮ ಊಟದ ಮೇಜಿನ ಮೇಲಿನ ಮಾತು ಎಲ್ಲಿಂದ ಬಂದದ್ದು ಅಂತ ನನಗೆ ಅವತ್ತು ಗೊತ್ತಾಯಿತು.

"ಹೂಂ ಅಂದ್ರೆ ಸಾಲ್ದಾ ಮಾಮ?" ಅಂತ ಕೇಳಿದೆ.

"ಹೂಂ ಅಂದ್ರೆ ಏನೋ ಕೇಳಿಸ್ತು ಅಂತ ಅಷ್ಟೇ. ಏನು ಕೇಳಿಸ್ತು ಅಂತ ಗೊತ್ತಾಗ್ಬೇಡ್ವಾ?" ಇನ್ನೇನೋ ಹೇಳಲು ಹೊರಟು, ಕಿಂಡಿಯತ್ತ ನೋಡಿ ಗಾಲಿಯ ಕಡೆ ತಿರುಗಿದರು.

ಮನೆಗೆ ಬಂದಮೇಲೆ ಪಟ್ಟಿ ಹರಿದುಹಾಕಿದೆ. ಪಾಠ ಸಿಂಕಿನ ಮುಂದೆ ಶುರುವಾಯಿತು. ನಾನು "ಟರ್ನ್ ಆನ್ ದ ಟ್ಯಾಪ್" ಅನ್ನುವುದು, ಅಪ್ಪ ತಿರುಗಿ ಹೇಳಿ ನಲ್ಲಿ ಬಿಡುವುದು. ವಾಷ್ ಅಪ್, ವೈಪ್ ಡೌನ್, ಟೇಕ್ ಔಟ್, ಪುಟ್ ಅವೇ. ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ಹದಿನೈದು ಆಗುತ್ತಿತ್ತು. ಪಾತ್ರೆ ತನ್ನ ಕೈಬಿಟ್ಟದ್ದು ನೋಡಿ ಅಮ್ಮ, "ಈ ಇಂಗ್ಲಿಷ್ ಪರವಾಗಿಲ್ಲ" ಅಂದಳು. ಒಂದು ಸಂಜೆ ಬಟ್ಟೆ ನೇತುಹಾಕುವುದಕ್ಕೆ ಏನನ್ನಬೇಕು ಅಂತ ಅಪ್ಪ ತಡವರಿಸಿದಾಗ ಹೊಲಿಗೆ ಯಂತ್ರದ ಕಡೆಯಿಂದ "ಹ್ಯಾಂಗ್ ಅಪ್" ಅಂತ ಬಂತು. ತಿರುಗಿ ನೋಡಿದರೆ ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಾನೇನೂ ಅಂದೇ ಇಲ್ಲ ಎಂಬಂತೆ.

ಕೈಯಿಂದ ಮಾಡಲಾಗದವೂ ಇದ್ದವು. ಅವಕ್ಕೆ ಮನೆಯವರೇ ಉದಾಹರಣೆಯಾದರು.

"ಪುಟ್ ಅಪ್ ವಿತ್ ಅಂದ್ರೆ ಇಷ್ಟ ಇಲ್ದಿದ್ರೂ ಸಹಿಸ್ಕೊಂಡಿರೋದು."

"ನಿಮ್ಮಮ್ಮ ನಮ್ಮಮ್ಮನ್ನ" ಅಂದ ಅಪ್ಪ ಪಿಸುಮಾತಿನಲ್ಲಿ.

"ನಂಗೆ ಕೇಳಿಸ್ತು" ಅಂದಳು ಅಜ್ಜಿ. "ಆ ಚೀಟಿ ಎಲ್ಲಿ ಅಂಟಿಸಿದ್ದೀಯ ತೋರ್ಸೇ. ನನ್ನ ಮಂಚದ ಕಡೆ ಬೇಡ, ಅವಳ ಯಂತ್ರದ ಮೇಲೆ ಅಂಟಿಸು. ಸಹಿಸ್ಕೊಂಡಿರೋದು ನಾನು."

"ಅತ್ತೇ, ಎರಡು ಚೀಟಿ ಬರೆಸಿ. ನಂದೊಂದು, ನಿಮ್ದೊಂದು" ಅಂದಳು ಅಮ್ಮ.

ನಾಲ್ಕನೇ ವಾರ ನಾನು ಪರೀಕ್ಷಕಿಯಾಗಿ ಎದುರು ಕೂತೆ. ಮಾತಿನ ಪರೀಕ್ಷೆಗೆ ಹದಿನೈದು ನಿಮಿಷ. ನಾನು ಏನು ಕೇಳಿದರೂ ಅಪ್ಪ ಮೊದಲು ಆ ಪ್ರಶ್ನೆಯನ್ನು ಪೂರ್ತಿ ತಿರುಗಿ ಹೇಳಿ, ನಾನು ತಲೆಯಾಡಿಸುವ ತನಕ ಕಾದು, ಆಮೇಲೆ ಉತ್ತರ ಶುರು ಮಾಡುತ್ತಿದ್ದ. ಗಡಿಯಾರ ಇಟ್ಟು ನೋಡಿದರೆ ಅರ್ಧ ಹೊತ್ತು ಪ್ರಶ್ನೆಗೇ ಹೋಗುತ್ತಿತ್ತು.

"ಅಪ್ಪಾ, ತಿರುಗಿ ಹೇಳ್ಬೇಡ. ಅರ್ಥ ಆಗ್ಲಿಲ್ಲ ಅಂದ್ಕೋತಾರೆ. ಯೆಸ್ ಅಂದು ಮುಂದಕ್ಕೆ ಹೋಗು."

"ಬರೀ ಯೆಸ್ಸಾ?"

"ಬರೀ ಯೆಸ್."

ಅವನಿಗೆ ಆಗಲಿಲ್ಲ. ಬಾಯಿ ತಾನಾಗಿಯೇ ಹೇಳಿಬಿಡುತ್ತಿತ್ತು. ಅದಕ್ಕೆ ಒಂದು ದಂಡ ಹಾಕಿದೆ: ತಿರುಗಿ ಹೇಳಿದಾಗೆಲ್ಲ ಎಲ್ಲರಿಗೂ ಟೀ ಮಾಡಿಕೊಡಬೇಕು. ಮೊದಲ ದಿನ ಐದು ಸಲ ಟೀ ಕುಡಿದೆವು. ಅಜ್ಜಿಗೆ ನಿದ್ದೆಯೇ ಬರಲಿಲ್ಲ. ಹತ್ತು ದಿನದಲ್ಲಿ ಟೀ ನಿಂತಿತು. ನಾನು ಪ್ರಶ್ನೆ ಕೇಳಿದರೆ ಅಪ್ಪ "ಯೆಸ್, ಯೆಸ್" ಅಂದು ಸರಾಗವಾಗಿ ಹೊರಡುತ್ತಿದ್ದ. ಕೆಲವೊಮ್ಮೆ ಕೇಳಿದ್ದೇ ಒಂದು, ಹೇಳಿದ್ದೇ ಒಂದು, ಆದರೆ ನಿಲ್ಲುತ್ತಿರಲಿಲ್ಲ. ಡೈರಿಯಲ್ಲಿ ಬರೆದೆ: ಅಪ್ಪನ ಅಭ್ಯಾಸ ಬಿಡಿಸಿದೆ. ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಏನೋ ಸರಿಯಿಲ್ಲ ಅಂತ ಮೊದಲು ಕಂಡುಕೊಂಡವಳು ಅಜ್ಜಿ. "ಮಾತ್ರೆ ತಗೊಂಡ್ಯಾ ಅಂದ. ಹೂಂ ಅಂದೆ. ಸುಮ್ನೆ ಹೋದ ಕಣೇ. ಮತ್ತೆ ಕೇಳ್ಲೇ ಇಲ್ಲ. ಜ್ವರ ಗಿರ ಬಂದಿದ್ಯೇನು ಅವನಿಗೆ?"

ನಾವು ನಕ್ಕೆವು.

ಪರೀಕ್ಷೆಗೆ ಎಂಟು ದಿನ ಇರುವಾಗ ಒಂದು ಮಧ್ಯಾಹ್ನ ಅಪ್ಪ ಬೇಗ ಮನೆಗೆ ಬಂದ. ಮೆಟ್ಟಿಲ ಮೇಲೆ ಎರಡು ಜೊತೆ ಬೂಟಿನ ಸದ್ದು. ಅಮ್ಮನ ಯಂತ್ರ ನಿಂತಿತು. ಅಪ್ಪನ ಹಿಂದೆ ಮೀಸೆ ಮಾಮ. ಇಬ್ಬರೂ ಕೂರಲಿಲ್ಲ.

"ಏನಾಗಿದೆ ಅಕ್ಕಾ ಇವನಿಗೆ ಮನೇಲಿ?" ಮೀಸೆ ಮಾಮ ಅಮ್ಮನನ್ನು ಕೇಳಿದರು. "ನಾನು ಮೇಲಿಂದ ಕೈ ಒಳಗಿದ್ಯಾ ಅಂತ ಕೇಳ್ತೀನಿ. ಇವನು ಹೂಂ ಅಂತಾನೆ. ಇಪ್ಪತ್ತೇಳು ವರ್ಷದಲ್ಲಿ ಎರಡನೇ ಸಲ."

"ಆಮೇಲೆ?" ಅಮ್ಮನ ದನಿ ಬದಲಾಗಿತ್ತು.

"ಆಮೇಲೇನು. ನಾನು ಗಾಲಿ ಮುಟ್ಲಿಲ್ಲ. ಬ್ರೇಕ್ ಬಿಗಿ ಮಾಡಿ ಕೆಳಗೆ ಬಂದು ನೋಡಿದ್ರೆ ಇವನ ಕೈ ಹೊರಗೇ ಇತ್ತು, ಪೆಟ್ಟಿಗೆ ಜಾರೋ ಹಳಿ ಮೇಲೆ. ಇವತ್ತು ಕೆಲಸ ಇಲ್ಲ ಅಂದೆ, ನನ್ನ ಬೀಗ ಅಲ್ಲೇ ಬಿಟ್ಟು ಕರ್ಕೊಂಡು ಬಂದೆ."

"ಎರಡನೇ ಸಲ ಅಂದ್ರಲ್ಲ" ಅಂದಳು ಅಮ್ಮ. "ಮೊದಲನೇ ಸಲ ಯಾವಾಗ?"

ಮೀಸೆ ಮಾಮ ಅಪ್ಪನ ಮುಖ ನೋಡಿದರು. ಅಪ್ಪ ಎಡಗೈ ಎತ್ತಿದ. ಉಂಗುರದ ಬೆರಳು ಅರ್ಧಕ್ಕೇ ನಿಂತಿರುವ ಕೈ. ಮದುವೆಗೆ ಮುಂಚೆ ಬಸ್ಸಿನ ಬಾಗಿಲಿಗೆ ಸಿಕ್ಕಿ ಹೋದದ್ದು ಅಂತ ನಾವೆಲ್ಲ ತಿಳಿದಿದ್ದೆವು. ಅಜ್ಜಿ ಕೂಡ.

"ಬಸ್ಸಲ್ಲ" ಅಂದ ಅಪ್ಪ. "ಇವನು ಕೇಳ್ದ. ನಾನು ಏನೋ ಯೋಚನೆ ಮಾಡ್ತಾ ಹೂಂ ಅಂದೆ. ಬೆರಳೂ ನಂದೇ, ಹೂಂ ಅಂದಿದ್ದೂ ನಾನೇ. ಅವತ್ತಿಂದ ಇವನೂ ನಾನೂ ಈ ಕಟ್ಟಳೆ ಮಾಡ್ಕೊಂಡ್ವಿ."

ಯೆಸ್ ಅಂದು ಮುಂದಕ್ಕೆ ಹೋಗು ಅಂತ ಹತ್ತು ದಿನ ಟೀ ಕುಡಿದು ಕಲಿಸಿದವಳು ನಾನು.

"ನಾನೇ ಅಪ್ಪಾ" ಅಂದೆ. "ನಾನೇ ಬಿಡಿಸಿದ್ದು."

"ನೀನು ಪರೀಕ್ಷೆಗೆ ಬಿಡಿಸ್ದೆ. ನಾನು ಎಲ್ಲಾದಕ್ಕೂ ಬಿಟ್ಟೆ" ಅಂದ ಅಪ್ಪ. "ನಾಲಿಗೆ ಒಂದೇ ಅಲ್ವಾ. ಅಲ್ಲಿಗೊಂದು ಇಲ್ಲಿಗೊಂದು ಅಂತ ಇಟ್ಕೊಳೋಕಾಗಲ್ಲ."

ಅಮ್ಮ ಎದ್ದಳು. ಬೈಯುತ್ತಾಳೆ, ಗೋಡೌನಿನ ಮಾತು ತೆಗೆಯುತ್ತಾಳೆ ಅಂತ ಎಲ್ಲರೂ ಕಾದೆವು. ಅವಳು ಮೀಸೆ ಮಾಮನ ಮುಂದೆ ಹೋಗಿ ನಿಂತು, "ಅವರು ಹೂಂ ಅಂದ್ರೆ ನೀವು ಯಾವತ್ತೂ ಗಾಲಿ ಮುಟ್ಟಲ್ಲ ಅಲ್ವಾ?" ಅಂತ ಕೇಳಿದಳು.

"ಹೂಂ ಅಂದ್ರೆ ಯಾವತ್ತೂ ಗಾಲಿ ಮುಟ್ಟಲ್ಲ ಅಕ್ಕಾ."

"ಕೂತ್ಕೊಳಿ. ಊಟ ಮಾಡ್ಕೊಂಡು ಹೋಗಿ" ಅಂದಳು. ಆಮೇಲೆ ಅಪ್ಪನತ್ತ ತಿರುಗಿ, "ಇಪ್ಪತ್ತೈದು ವರ್ಷ ಬಸ್ಸು ಅಂದಿದ್ದಕ್ಕೆ ಆಮೇಲೆ ವಿಚಾರಿಸ್ಕೋತೀನಿ."

ಉಳಿದ ಎಂಟು ದಿನ ಟೀ ಉಲ್ಟಾ ಆಯಿತು. ತಿರುಗಿ ಹೇಳದಿದ್ದರೆ ದಂಡ. ಈ ಸಲ ದಂಡ ಹಾಕುತ್ತಿದ್ದವಳು ಅಮ್ಮ. "ಅಂಕ ಹೋದ್ರೆ?" ಅಂತ ನಾನು ಕೇಳಿದ್ದಕ್ಕೆ ಅಪ್ಪ, "ಹೋದ್ರೆ ಡಬ್ಬ ಎಣಿಸ್ತೀನಿ. ಹತ್ತು ಬೆರಳಲ್ಲಿ ಒಂಬತ್ತೂವರೆ ಇದೆ, ಎಣಿಸೋಕೆ ಸಾಕು" ಅಂದ. ನಗಿಸಲು ಹೇಳಿದ್ದು. ಆದರೆ ಅವತ್ತು ಊಟದ ತಟ್ಟೆಯಲ್ಲಿ ಅರ್ಧ ಬಿಟ್ಟಿದ್ದ.

ಪರೀಕ್ಷೆಯ ದಿನ ಸಂಜೆ ಅಪ್ಪ ಬಂದು ಬೂಟು ಬಿಚ್ಚುವ ಮೊದಲೇ ಅಜ್ಜಿ, "ಏನು ಕೇಳಿದ್ರೋ?" ಅಂದಳು.

"ಕನ್ನಡಕಕ್ಕೆ ಸರಪಳಿ ಹಾಕ್ಕೊಂಡಿದ್ದ ಒಬ್ಬ ಮೇಡಂ. ಮೊದಲನೇ ಪ್ರಶ್ನೆ ಕೇಳಿದ್ರು, ನಾನು ತಿರುಗಿ ಹೇಳ್ದೆ. ಎರಡನೇದು ಕೇಳಿದ್ರು, ತಿರುಗಿ ಹೇಳ್ದೆ. ಹೇಳ್ಬೇಕಾಗಿಲ್ಲ ಅಂದ್ರು. ನನ್ನ ಕೆಲಸದಲ್ಲಿ ಹೇಳ್ಲೇಬೇಕು ಮೇಡಂ ಅಂದೆ."

"ಅಯ್ಯೋ" ಅಂದೆ.

"ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು. ಆಮೇಲೆ ಕಾಗದದಲ್ಲಿ ಇಲ್ದೇ ಇರೋ ಪ್ರಶ್ನೆ ಕೇಳಿದ್ರು ಅನ್ಸುತ್ತೆ. ನಿಮ್ಮ ಕೆಲಸದಲ್ಲಿ ನೀವು ಯಾವುದನ್ನ ಪುಟ್ ಅಪ್ ವಿತ್ ಮಾಡಲ್ಲ ಅಂತ."

ಅಜ್ಜಿ ಅಮ್ಮನನ್ನು ನೋಡಿದಳು. ಅಮ್ಮ ಅಜ್ಜಿಯನ್ನು ನೋಡಿದಳು.

"ತಿರುಗಿ ಹೇಳಿ, ಕೈ ತೋರಿಸ್ದೆ. ಎಲ್ಲಾ ಹೇಳ್ದೆ. ಬಾವಿ, ಗಾಲಿ, ಎರಡು ಬೀಗ, ಮೀಸೆ ಕೇಳಿದ್ದು, ನಾನು ಹೂಂ ಅಂದಿದ್ದು. ಯಾವ ಬಾಲ ಎಲ್ಲಿ ಅಂಟಿಸ್ದೆ ನಂಗೇ ಗೊತ್ತಿಲ್ಲ ಪುಟ್ಟೀ. ಎರಡು ಕಡೆ ತಪ್ಪಾಯ್ತು, ಒಂದನ್ನ ಅಲ್ಲೇ ಸರಿ ಮಾಡ್ದೆ. ಹೊತ್ತು ಮುಗಿದಿದ್ದೂ ಗೊತ್ತಾಗ್ಲಿಲ್ಲ. ಏಳೋವಾಗ ಮೇಡಂ ಏನೋ ಅಂದ್ರು, ವಾಚ್ ಔಟ್ ಅಂತ, ಹುಷಾರು ಅನ್ನೋ ಹಾಗೆ."

"ನೀನೇನು ಅಂದೆ?"

"ಐ ವಿಲ್ ವಾಚ್ ಔಟ್ ಅಂದೆ. ಇನ್ನೇನಂತೀನಿ?"

ಮೂರು ವಾರ ಏನೂ ಬರಲಿಲ್ಲ. ಚೀಟಿಗಳು ಒಂದೊಂದಾಗಿ ಉದುರಿದವು. ಫ್ರಿಜ್ಜಿನ ಮೇಲಿನದನ್ನು ಅಜ್ಜಿ ಔಷಧಿಯ ಡಬ್ಬಿಗೆ ಅಂಟಿಸಿಕೊಂಡಳು, ಅದರಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದೆ. ರನ್ ಔಟ್ ಆಫ್, ಅಂದರೆ ಮುಗಿದುಹೋಯಿತು ಅಂತ ಬರೆದಿತ್ತು, ಮಾತ್ರೆ ಮುಗಿದಾಗಲೆಲ್ಲ ಅದು ಸರಿಹೋಗುತ್ತಿತ್ತು. ಪರೀಕ್ಷೆಯ ಮಾತು ಯಾರೂ ಎತ್ತಲಿಲ್ಲ. ಬಾವಿಗಿಳಿಯಲು ಫಲಿತಾಂಶದ ತನಕ ಅನುಮತಿ ಇಲ್ಲವಾದ್ದರಿಂದ ಅಪ್ಪ ಗೋಡೌನಿಗೆ ಹೋಗಿಬರುತ್ತಿದ್ದ. ಐದೂವರೆಗೆ ಸರಿಯಾಗಿ ಮನೆಯಲ್ಲಿರುತ್ತಿದ್ದ, ಬಟ್ಟೆಗೆ ಗ್ರೀಸಿನ ಕಲೆಯಿಲ್ಲ. ಅಮ್ಮ ಬಯಸಿದ್ದು ಇದನ್ನೇ. ಆದರೆ ಅವನು ಕಿಟಕಿಯ ಹತ್ತಿರ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದುದನ್ನು ಅವಳು ಹೊಲಿಗೆಯ ನಡುವೆ ತಲೆಯೆತ್ತಿ ನೋಡುತ್ತಿದ್ದಳು.

"ಇಸ್ತ್ರಿ ಪೆಟ್ಟಿಗೆ ಬಿಚ್ಚಿ ನೋಡಿ ಸ್ವಲ್ಪ, ಬಿಸಿ ಆಗ್ತಿಲ್ಲ" ಅಂದಳು ಒಂದು ದಿನ. ಇಸ್ತ್ರಿ ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನಾನೇ ಬಳಸಿದ್ದೆ.

ಕಾಗದ ಬಂದದ್ದು ಶುಕ್ರವಾರ, ಊಟ ಮುಗಿದು ಅಪ್ಪ ಪಾತ್ರೆ ತೊಳೆಯುತ್ತಿದ್ದಾಗ. ತಪ್ಪಿ ಪಕ್ಕದ ಮನೆಗೆ ಹೋಗಿದ್ದನ್ನು ಅವರು ತಂದುಕೊಟ್ಟರು.

"ಓದು ಪುಟ್ಟೀ" ಅಂದ ಅಪ್ಪ, ತಿರುಗದೆ. ಮೊಣಕೈ ತನಕ ಸೋಪಿನ ನೊರೆ.

"ನಾನು ಓದ್ತೀನಿ" ಅಂತ ಅಮ್ಮ ನನ್ನ ಕೈಯಿಂದ ಕಿತ್ತುಕೊಂಡಳು. ಕತ್ತರಿಯಿಂದ ಅಂಚು ಕತ್ತರಿಸಿ ಬಿಡಿಸಿದಳು. ತುಟಿ ಅಲ್ಲಾಡಿಸುತ್ತ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅದನ್ನು ನಿಲ್ಲಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

"ಏನಂತೇ?" ಅಜ್ಜಿ ಮಂಚದಿಂದ ಕೇಳಿದಳು.

ಅಮ್ಮ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಚಿದಳು. ಸಿಂಕಿನ ಹತ್ತಿರ ಹೋಗಿ ಅಪ್ಪನ ಬೆನ್ನ ಹಿಂದೆ ನಿಂತಳು.

"ಪಾಸಾಗಿದ್ದೀರಿ. ಬರವಣಿಗೆಯಲ್ಲಿ ಅಂಚಿನ ಮೇಲೆ, ಮಾತಲ್ಲಿ ಚೆನ್ನಾಗಿ. ಸೋಮವಾರದಿಂದ ನಿಮ್ಮ ಕೆಲಸ ನಿಮಗೆ." ಒಂದು ಉಸಿರು ತೆಗೆದುಕೊಂಡು ಹೇಳಿದಳು, "ಹುಷಾರಾಗಿ ಮೇಲೆ ಹೋಗಿ. ಹುಷಾರಾಗಿ ಕೆಳಗೆ ಬನ್ನಿ."

ಅಪ್ಪನ ಹೆಗಲು ಒಮ್ಮೆ ಮೇಲೆದ್ದು ಇಳಿಯಿತು. ಕೈಯಲ್ಲಿದ್ದ ತಟ್ಟೆ ಹಾಗೇ ಇತ್ತು.

"ಹೂಂ" ಅಂದ.

ಅಜ್ಜಿ ಮಂಚದ ಮೇಲೆ ಎದ್ದು ಕೂತಳು. ಅಮ್ಮ ನಿಂತಲ್ಲಿಂದ ಕದಲಲಿಲ್ಲ. ಅದೇ ದನಿಯಲ್ಲಿ, ಒಂದಕ್ಷರ ಹೆಚ್ಚುಕಮ್ಮಿ ಮಾಡದೆ ಮತ್ತೆ ಹೇಳಿದಳು.

"ಹುಷಾರಾಗಿ ಮೇಲೆ ಹೋಗಿ. ಹುಷಾರಾಗಿ ಕೆಳಗೆ ಬನ್ನಿ."

ಅಪ್ಪ ನಲ್ಲಿ ನಿಲ್ಲಿಸಿದ. ತಟ್ಟೆ ಕೆಳಗಿಟ್ಟ. ದನಿ ಬಾವಿಯೊಳಗಿಂದ ಬಂದಂತೆಯೇ ಬಂತು.

"ಹುಷಾರಾಗಿ ಮೇಲೆ ಹೋಗ್ತೀನಿ. ಹುಷಾರಾಗಿ ಕೆಳಗೆ ಬರ್ತೀನಿ."

ಆಮೇಲೆ ಅಮ್ಮ ಹೋಗಿ ಹೊಲಿಗೆಗೆ ಕೂತಳು.